ಲಕ್ಕವ್ವನ ಪದಕ್ಕೊಂದು ಲ್ಯಾಪ್‌ಟಾಪ್

ಕಬ್ಬು ಕಡಿಯುವ ಚಳಿಗಾಲ, ಬುಧವಾರ ಬೆಳಿಗ್ಗೆ ಏಳು ಗಂಟೆ.

ಮೇಘಾ,

ರೊಟ್ಟಿ ಬುಟ್ಟಿಯಲ್ಲಿವೆ. ತಿಂದೇ ಗೋಕಾಕಕ್ಕೆ ಹೋಗು. ಲ್ಯಾಪ್‌ಟಾಪ್ ಇವತ್ತೇ ಬರಬೇಕು. ದೀಪಾವಳಿಯಿಂದ ನೀನು ಅದು ಹಗುರ, ಇದು ಗಟ್ಟಿ ಎಂದು ಫೋನಿನಲ್ಲಿ ನೋಡುತ್ತಲೇ ಇದ್ದೀ. ನನಗೋ ಕೂತಲ್ಲಿ ಕೂರಲಾಗುತ್ತಿಲ್ಲ. ಕೆಳಗಿನ ಓಣಿಯ ಲಕ್ಕವ್ವ ನಾಳೆ ಹುಕ್ಕೇರಿಯ ಮಗಳ ಮನೆಗೆ ಹೋದರೆ ಮತ್ತೆ ಬರುವುದಿಲ್ಲ. ಜೋಳ ಬೀಸುತ್ತ ಅವಳು ಹಾಡುವ ಪದಗಳೂ ಅವಳ ಜೊತೆಗೇ ಹೋಗುತ್ತವೆ. ಫೋನಿನಲ್ಲಿ ಹಿಡಿದರೆ ದನಿ ಒಡೆಯುತ್ತದೆ ಎಂದು ನೀನೇ ಹೇಳಿದ್ದೀ.

ಮೊನ್ನೆ ನೀನು ಅವಳನ್ನು ನಮ್ಮ ದೊಡ್ಡ ಕಂಪ್ಯೂಟರಿನ ಮುಂದೆ ಕುರ್ಚಿಯಲ್ಲಿ ಕೂರಿಸಿ ಹಾಡಿಸಿ ರೆಕಾರ್ಡ್ ಮಾಡಲು ನೋಡಿದೆ. ಒಂದು ಸಾಲೂ ಬರಲಿಲ್ಲ. "ಕಲ್ಲ ತಿರಗದ ಪದ ಹೆಂಗ ಬರಬೇಕ ಯವ್ವಾ, ಕುರ್ಚಿ ಏನ್ ಜ್ವಾಳ ಬೀಸತೈತೇನು?" ಎಂದು ನಕ್ಕಳು. ಬೀಸುವ ಕಲ್ಲು ಅವಳ ಮನೆಯ ನೆಲದಲ್ಲಿ ಹೂತಿದೆ. ಅಲ್ಲಿಗೆ ಹೊತ್ತೊಯ್ಯುವಷ್ಟು ಹಗುರವಾದದ್ದು, ಕರೆಂಟು ಹೋದರೂ ಸಂಜೆಯ ತನಕ ನಡೆಯುವಂಥದ್ದು ತಾ. ಒಳಗಿನ ಫ್ಯಾನು ಸದ್ದು ಮಾಡುವುದು ಬೇಡ. ನಿನ್ನ ಕಾಲೇಜಿನ ಕೆಲಸಕ್ಕೂ ಅದೇ ಸಾಕು. ಬಣ್ಣ ನೋಡುತ್ತ ನಿಲ್ಲಬೇಡ, ನೇರ ಲಕ್ಕವ್ವನ ಮನೆಗೇ ಬಾ.

ಬರಿ ಕಲ್ಲು ತಿರುಗಿಸಬಾರದು, ಅವಳ ಮನೆಯಲ್ಲಿ ಕಾಳು ಉಳಿದಿಲ್ಲ. ಅದಕ್ಕೇ ನಮ್ಮ ಜೋಳ ಒಯ್ಯುತ್ತಿದ್ದೇನೆ. ನೀನು ಬರುವ ತನಕ ಮುಗಿಯದ ಹಾಗೆ ಇಬ್ಬರೂ ಮೆಲ್ಲಗೆ ಬೀಸುತ್ತಿರುತ್ತೇವೆ.

ಜೋಳ ಹೊತ್ತು ಲಕ್ಕವ್ವನ ಮನೆಗೆ ಹೊರಟ ನಿನ್ನ ಆಯಿ ಮರೆವ್ವ.