ಫಾದರ್ ಆಲ್ಬನ್ ಪುಸ್ತಕಕ್ಕೆ ನಾನು ಬರೆದದ್ದು

ಲೂಯಿವಿಲ್, ಕೆಂಟಕಿ
ಅಕ್ಟೋಬರ್ 18, 1964, ಭಾನುವಾರ

ನನ್ನ ವೀನಿಗೆ,

ಬಾಲ್ಟಿಮೋರಿನ ಆ ಕಾನ್ವೆಂಟಿನವರಿಗೆ ನೀನು ಸಿಸ್ಟರ್ ಪೆಲಾಜಿಯಾ ಇರಬಹುದು, ನನಗೆ ವೀನಿಯೇ. ಈ ಲಕೋಟೆಯನ್ನು ನಿನಗಿಂತ ಮೊದಲು ನಿಮ್ಮ ಮದರ್ ಒಡೆದು ಓದುತ್ತಾರೆಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಓದಲಿ. ಬೇಸರವಾದರೆ ನನಗಾಗಿ ಒಂದು ಜಪ ಹೆಚ್ಚಿಗೆ ಮಾಡಲಿ.

ನಿನ್ನ ಪತ್ರ ತಲುಪಿತು. ನನ್ನ ಮಂಡಿನೋವಿಗೆ ಒಂದು ಸಾಲು, ನಿನ್ನ ಭಾವ ಹೋಬರ್ಟ್‌ಗೆ ಅರ್ಧ ಸಾಲು, ಮಿಕ್ಕಿದ್ದೆಲ್ಲ ಫಾದರ್ ಆಲ್ಬನ್. ಅಂಥ ಸಂತನ ಮೇಲೆ ಅಷ್ಟು ಕಟುವಾಗಿ ಬರೆಯಲು ಅಕ್ಕನಿಗೆ ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದ್ದೀಯ. ಹೇಗೆ ಬಂತೆಂದು ಹೇಳುತ್ತೇನೆ. ಕೇಳಿದವಳು ನೀನು, ಪೂರ್ತಿ ಕೇಳಿಸಿಕೊಳ್ಳಬೇಕು.

ಈಸ್ಟರ್ ಹೊತ್ತಿಗೆ ನೀನು ಆ ಪುಸ್ತಕ ಕಳುಹಿಸಿದಾಗ ಅದನ್ನು ಮೆಚ್ಚಬೇಕೆಂದೇ ಕೈಗೆತ್ತಿಕೊಂಡೆ. ನಮ್ಮೂರಿಂದ ಎರಡು ಗಂಟೆ ದಾರಿಯ ಮೌನಮಠದಲ್ಲಿ ಕೂತ ಒಬ್ಬ ಬಿಳಿಯ ಸನ್ಯಾಸಿ ಬಣ್ಣದ ದ್ವೇಷದ ಬಗ್ಗೆ, ಯುದ್ಧದ ಬಗ್ಗೆ, ಬಾಂಬಿನ ಬಗ್ಗೆ ಬರೆದಿದ್ದಾನೆ ಎಂದರೆ ನಮಗೂ ಹೆಮ್ಮೆಯಲ್ಲವೇ. ನ್ಯೂಯಾರ್ಕಿನ ಪತ್ರಿಕೆಯೊಂದು ಅವರನ್ನು ದೇಶದ ಅಂತಃಸಾಕ್ಷಿ ಎಂದಿತು. ಇನ್ನೊಂದು, ಗೋಡೆಯೊಳಗಿನ ಮನುಷ್ಯನಿಗೆ ಬೀದಿಯ ಸಂಗತಿ ಏನು ಗೊತ್ತು, ಎಲ್ಲವನ್ನೂ ಹಿಗ್ಗಿಸಿ ಬರೆದಿದ್ದಾನೆ ಎಂದಿತು. ಅವರು ಪ್ರವಾದಿಯೋ ಅಲ್ಲವೋ ಎಂದು ಬೇಸಿಗೆಯುದ್ದಕ್ಕೂ ಬಿಳಿಯರು ಬಿಳಿಯರೊಂದಿಗೆ ಜಗಳವಾಡಿದರು. ಪುಸ್ತಕ ಯಾರ ಬಗ್ಗೆ ಇದೆಯೋ ಅವರನ್ನು ಒಬ್ಬರೂ ಒಂದು ಮಾತು ಕೇಳಲಿಲ್ಲ.

ಎರಡನೆಯ ಅಧ್ಯಾಯಕ್ಕೆ ಬರುವಷ್ಟರಲ್ಲಿ ನನ್ನ ಕಿವಿ ಬಿಸಿಯಾಯಿತು. ಕರಿಯರ ಸಮಸ್ಯೆ ಎಂಬುದೇ ಇಲ್ಲ, ಇರುವುದು ಬಿಳಿಯರ ಭಯ ಎಂದು ಅವರು ಬರೆದಿದ್ದರು. ವೀನಿ, ಬಿಳಿಯರ ಶಾಲೆಗಳಲ್ಲಿ ನಮ್ಮ ಮಕ್ಕಳನ್ನು ಸೇರಿಸಿಕೊಂಡ ವರ್ಷ ನನ್ನ ಅಂಕಣದಲ್ಲಿ ನಾನು ಬರೆದದ್ದು ಇದೇ ಮಾತು. ಅವರು ಕದ್ದಿರಲಿಲ್ಲ. ನಮ್ಮ ವಾರಪತ್ರಿಕೆಯನ್ನು ಅವರು ಕಣ್ಣಿಂದಲೂ ಕಂಡವರಲ್ಲ. ನನ್ನನ್ನು ಸುಟ್ಟದ್ದು ಅದೇ. ಕದ್ದಿದ್ದರೆ ಕೊನೆಯ ಪಕ್ಷ ನನ್ನನ್ನು ಓದಿದ್ದಾರೆ ಎಂದಾದರೂ ಆಗುತ್ತಿತ್ತು.

ಮೇಲಿಂದ ಹೋಬರ್ಟ್. ನಮ್ಮ ಪತ್ರಿಕೆಯಿಂದ ತನ್ನ ಕ್ಷೌರದಂಗಡಿಯ ಕನ್ನಡಿ ಒರೆಸುವ ಮನುಷ್ಯ ಈ ಪುಸ್ತಕವನ್ನು ಅಂಗಡಿಗೆ ಒಯ್ದು, ಗಿರಾಕಿಗಳ ಮುಖಕ್ಕೆ ನೊರೆ ಹಚ್ಚಿ ಕೂರಿಸಿ ಓದಿ ಹೇಳತೊಡಗಿದ. ಒಂದು ಶನಿವಾರ ಊಟದ ಡಬ್ಬಿ ಕೊಡಲು ಹೋದಾಗ ಅಂಗಡಿ ತುಂಬಿತ್ತು.

"ಕೇಳ್ರಯ್ಯಾ, ಕೇಳಿ. ಎಂಥಾ ಮಾತು ಬರ್ದವ್ನೆ ನೋಡಿ ಈ ಪಾದ್ರಿ!" ಎಂದು ಹೋಬರ್ಟ್ ಕತ್ತರಿ ಎತ್ತಿ ಹಿಡಿದಿದ್ದ.

ಕುರ್ಚಿಯಲ್ಲಿದ್ದ ಚರ್ಚಿನ ಹಿರಿಯ ಡೀಕನ್ ಟಿಬ್ಸ್ ನೊರೆಯೊಳಗಿಂದಲೇ, "ಇದನ್ನೇ ನಿನ್ ಹೆಂಡ್ತಿ ಯಾವಾಗ್ಲೋ ಬರ್ದಿದ್ಳಲ್ಲಪ್ಪಾ" ಎಂದರು.

"ಬರ್ದಿರ್ತಾಳೆ ಬಿಡಿ. ಮನೇಲೂ ದಿನಾ ಹೇಳ್ತಾನೇ ಇರ್ತಾಳೆ," ಎಂದ ನನ್ನ ಗಂಡ. "ಆದ್ರೆ ಬಿಳಿಯೋನ ಬಾಯಿಂದ ಕೇಳೋದೇ ಬೇರೆ, ಅಲ್ವಾ?"

ಅಂಗಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಮನೆಗೆ ಬಂದು, ಟೋಪಿ ಕೂಡ ತೆಗೆಯದೆ, ನಮ್ಮ ವಾರಪತ್ರಿಕೆಗೆ ವಿಮರ್ಶೆ ಬರೆಯಲು ಕೂತೆ.

ನಿನಗೆ ಯಾರೋ ಕತ್ತರಿಸಿ ಕಳುಹಿಸಿದ ತುಂಡಿನಲ್ಲಿ ಇರುವುದು ಅದರ ಒಂದೇ ಒಂದು ಭಾಗ. ಅದು ಹೀಗಿದೆ: "ಫಾದರ್ ಆಲ್ಬನ್ ಸತ್ಯವನ್ನೇ ಹೇಳಿದ್ದಾರೆ. ಆದರೆ ಸತ್ಯ ಹೇಳಿದ್ದಕ್ಕೆ ಅವರ ಕೆಲಸ ಹೋಗುವುದಿಲ್ಲ, ಅವರ ಕಿಟಕಿಗೆ ಕಲ್ಲು ಬೀಳುವುದಿಲ್ಲ. ಗೋಡೆಯೊಳಗಿನ ಧೈರ್ಯ ಅಗ್ಗದ್ದು. ಕರಿಯರಿಗೆ ಇಂಥ ವಕೀಲರು ಬೇಕಿಲ್ಲ." ನಿಜ, ಬರೆದೆ. ಬರೆಯುವಾಗ ಬಹಳ ಹಿತವಾಯಿತು ಕೂಡ. ಆದರೆ ಅದರ ಮುಂದೆ ಇನ್ನೊಂದು ವಾಕ್ಯವಿದೆ, ಅದು ನಿನಗೆ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೇ ಮುಂದಿನ ಕಥೆ.

ಆಗಸ್ಟಿನಲ್ಲಿ ನ್ಯೂಯಾರ್ಕಿನ ದೊಡ್ಡ ಮಾಸಪತ್ರಿಕೆಯೊಂದು ತನ್ನ ಸಂಪಾದಕೀಯದಲ್ಲಿ ನನ್ನ ಆ ಸಾಲುಗಳನ್ನು ಹೆಸರು ಸಮೇತ ಅಚ್ಚು ಹಾಕಿತು. ನಮ್ಮ ವಾರಪತ್ರಿಕೆಯ ಸಂಪಾದಕರು ಹೋಬರ್ಟ್‌ನ ಅಂಗಡಿಗೇ ಓಡಿ ಬಂದು ತೋರಿಸಿದರು. "ವರ್ಡೆಲ್ ಮೇಹ್ಯೂ, ಲೂಯಿವಿಲ್" ಎಂದು ಆ ನುಣುಪಾದ ಕಾಗದದ ಮೇಲೆ! ಬಸ್ ನಿಲ್ದಾಣದ ಅಂಗಡಿಯಲ್ಲಿದ್ದ ಪ್ರತಿಗಳನ್ನೆಲ್ಲ ಕೊಂಡೆ. ಆ ದಿನವಿಡೀ ನಾನು ನೆಲದ ಮೇಲೆ ನಡೆಯಲಿಲ್ಲ. ಮರುದಿನ ಅಡುಗೆಮನೆಯಲ್ಲಿ ಕೂತು ಆ ಸಂಪಾದಕೀಯವನ್ನು ಮೊದಲಿನಿಂದ ಓದಿದೆ. ಸನ್ಯಾಸಿಗಳು ಜಪಮಾಲೆ ಹಿಡಿದು ಸುಮ್ಮನಿರಬೇಕು, ಯುದ್ಧವನ್ನು ಸೇನಾಧಿಪತಿಗಳಿಗೂ ಬಣ್ಣದ ತಗಾದೆಯನ್ನು ಕಾಲಕ್ಕೂ ಬಿಡಬೇಕು, ಕರಿಯರಿಗೇ ಈತ ಬೇಕಿಲ್ಲವಂತೆ ನೋಡಿ, ಎಂದು ಅದರಲ್ಲಿ ಬರೆದಿತ್ತು. ಸಾಕ್ಷಿಗೆ ನಾನು. ತಮ್ಮ ಹೋಟೆಲುಗಳಲ್ಲಿ ನನಗೆ ಕಾಫಿ ಕೊಡದ ಜನ ನನ್ನ ಮಾತನ್ನು ಮಾತ್ರ ಬೆಳ್ಳಿ ತಟ್ಟೆಯಲ್ಲಿಟ್ಟುಕೊಂಡಿದ್ದರು.

ಪ್ರತಿಗಳನ್ನು ಎಸೆದೆನೇ? ಎಸೆಯಲಿಲ್ಲ. ಬೀರುವಿನಲ್ಲಿಟ್ಟೆ.

ಕಳೆದ ತಿಂಗಳು ನಗರಸಭೆಯಲ್ಲಿ ಮನೆಗಳ ಕಾನೂನಿನ ಮೇಲೆ ವಿಚಾರಣೆಯಿತ್ತು. ಬಣ್ಣ ನೋಡದೆ ಮನೆ ಮಾರಬೇಕು, ಬಾಡಿಗೆಗೆ ಕೊಡಬೇಕು ಎಂಬ ಕಾನೂನು. ನಮ್ಮವರೆಲ್ಲ ಚರ್ಚಿನ ಬಟ್ಟೆ ತೊಟ್ಟು ಹಿಂದಿನ ಬೆಂಚುಗಳಲ್ಲಿ ಕೂತಿದ್ದೆವು. ಮನೆ ಮಾಲೀಕರ ಪರವಾಗಿ ಕ್ರೆನ್‌ಶಾ ಎಂಬ ವಕೀಲ ಎದ್ದ. ಸಿಹಿ ನಾಲಿಗೆಯ ಮನುಷ್ಯ. ಆ ದಿನ ಮೊದಲು ಮಾತಾಡಿದ ಬಿಳಿಯ ಪಾದ್ರಿಯೊಬ್ಬರು ಫಾದರ್ ಆಲ್ಬನ್‌ರ ಪುಸ್ತಕವನ್ನು ಎತ್ತಿ ತೋರಿಸಿದ್ದರು. ಅದಕ್ಕೆ ಕ್ರೆನ್‌ಶಾ ನಗುತ್ತ, "ಆ ಸನ್ಯಾಸಿ ಬೇಕಿಲ್ಲ ಅಂತ ನಮ್ಮೂರಿನ ಕರಿಯ ಹೆಣ್ಮಗಳೇ ಬರ್ದಿದ್ದಾಳೆ, ಸ್ವಾಮಿ. ನಾನು ಹೇಳ್ತಿಲ್ಲ, ಆಕೆ ಹೇಳ್ತಿದ್ದಾಳೆ" ಎಂದು ಆ ಮಾಸಪತ್ರಿಕೆ ಬಿಡಿಸಿ ನನ್ನ ಸಾಲುಗಳನ್ನು ಓದಿದ. ಚೆನ್ನಾಗಿಯೇ ಓದಿದ. ನನ್ನ ಬರಹವನ್ನು ಅಷ್ಟು ಚೆನ್ನಾಗಿ ಯಾರೂ ಓದಿದ್ದಿಲ್ಲ.

ನಮ್ಮ ಬೆಂಚಿನವರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಹೋಬರ್ಟ್ ಮಾತ್ರ ತಿರುಗಲಿಲ್ಲ, ತನ್ನ ಬೂಟಿನ ತುದಿ ನೋಡುತ್ತಿದ್ದ. ಅದು ಹೆಚ್ಚು ಚುಚ್ಚಿತು. ನಾನು ಎದ್ದು ನಿಂತೆ.

"ಆ ಹೆಣ್ಮಗಳು ನಾನೇ. ಓದಿದ್ದು ಸಾಲ್ದು, ಮುಂದಿನ ಸಾಲೂ ಓದ್ಬೇಕಿತ್ತು ವಕೀಲರೇ," ಎಂದೆ.

"ಇದ್ರಲ್ಲಿ ಇಷ್ಟೇ ಇದೆ, ಅಮ್ಮಾ."

"ಅವ್ರು ಕತ್ತರ್ಸಿದ್ದಾರೆ. ಕತ್ತರ್ಸಿದ್ದನ್ನ ನಾನು ಹೇಳ್ತೀನಿ. 'ಬೇಕಿರುವುದು ಅವರ ಪುಸ್ತಕವನ್ನು ಹೊಗಳುವವರಲ್ಲ, ಅದನ್ನು ಓದಿ ತಮ್ಮ ಬೀದಿಯಲ್ಲಿ ನಮಗೊಂದು ಮನೆ ಮಾರುವ ನೆರೆಯವರು.' ಇವತ್ತಿನ ಕಾನೂನು ಕೇಳ್ತಿರೋದೂ ಅಷ್ಟೇ ಅಲ್ವಾ?"

ಅಲ್ಲಿಗೆ ಕೂತುಬಿಡಬಹುದಿತ್ತು. ಕ್ರೆನ್‌ಶಾ ಬಿಡಲಿಲ್ಲ. ಹಾಗಾದರೆ ಆ ಸನ್ಯಾಸಿಯ ಪುಸ್ತಕ ಸರಿಯೋ ತಪ್ಪೋ, ಒಂದು ಮಾತಿನಲ್ಲಿ ಹೇಳಿ ಎಂದ. ನನ್ನ ಬಾಯಿಂದ "ತಪ್ಪು" ಎಂದು ಬಂದಿದ್ದರೆ ಅವನಿಗೆ ಸಾಕಿತ್ತು. "ಸರಿ" ಎನ್ನಲು ನನಗೆ ಮನಸ್ಸಿರಲಿಲ್ಲ. ಕೊನೆಗೆ ಫಾದರ್ ಆಲ್ಬನ್‌ರ ಮಾತನ್ನೇ ಹೇಳಿದೆ: "ಶಾಂತಿ ಬೇಕು ಎನ್ನುವ ಬಿಳಿಯನೇ, ಮೊದಲು ಇದಕ್ಕೆ ಉತ್ತರಿಸು. ಯಾರ ಬಾಯಿ ಮುಚ್ಚಿಸಿದ ಮೇಲೆ ಉಳಿಯುವ ನಿಶ್ಶಬ್ದಕ್ಕೆ ನೀನು ಶಾಂತಿ ಎಂದು ಹೆಸರಿಟ್ಟಿದ್ದೀಯ?" ಅದರ ಮುಂದಿನದೂ ಬಂತು, ಅದರ ಮುಂದಿನದೂ. ಇಡೀ ಪುಟವೇ ಬಂತು ವೀನಿ, ಅಲ್ಪವಿರಾಮವೂ ತಪ್ಪದ ಹಾಗೆ. ಡೀಕನ್ ಟಿಬ್ಸ್ ಚರ್ಚಿನಲ್ಲಿ ಕೂಗುವಂತೆ "ಹೇಳು ತಾಯೀ, ಹೇಳು!" ಎಂದು ಕೂಗಿದರು. ಆ ಕೂಗು ನನ್ನ ಮಾತಿಗಲ್ಲ, ಅವರ ಮಾತಿಗೆ ಎಂದು ಆ ಕ್ಷಣದಲ್ಲೂ ನನಗೆ ಹೊಳೆಯಿತು.

ಮನೆಗೆ ಬರುವ ದಾರಿಯಲ್ಲಿ ಹೋಬರ್ಟ್ ಕಾರು ಓಡಿಸುತ್ತ ಒಬ್ಬನೇ ಮುಸಿಮುಸಿ ನಗುತ್ತಿದ್ದ.

"ಏನದು ನಗು?"

"ಅಲ್ಲಾ ವರ್ಡೆಲ್, ಆ ಪುಸ್ತಕ ನೀನು ಬಾಯಿಪಾಠ ಮಾಡಿದ್ದೀಯಲ್ಲೇ! ನಾನು ಓದ್ತೀನಿ ಅಂತ ಮುಖ ಊದಿಸ್ಕೊಂಡಿದ್ದೋಳು ನೀನು."

"ವೈರಿನ ಚೆನ್ನಾಗಿ ತಿಳ್ಕೋಬೇಕು," ಎಂದೆ.

"ಹೂಂ, ಹೂಂ. ಇಷ್ಟು ಚೆನ್ನಾಗಿ ನನ್ನನ್ನಾದ್ರೂ ತಿಳ್ಕೊಂಡಿದ್ದೀಯಾ?" ಎಂದ.

ಕಾನೂನನ್ನು ನಗರಸಭೆ ಮುಂದಕ್ಕೆ ಹಾಕಿದೆ. ತಿರಸ್ಕರಿಸಲಿಲ್ಲ, ಅಷ್ಟೇ. ಮತ್ತೆ ಹೋಗುತ್ತೇವೆ.

ಆಮೇಲೆ ಒಂದು ಭಾನುವಾರ ಫಾದರ್ ಆಲ್ಬನ್‌ರ ಮಠದವರು ಮಾಡಿ ಮಾರುವ ಚೀಸ್ ಕೊಳ್ಳುವ ನೆಪದಲ್ಲಿ ಹೋಬರ್ಟ್ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ಹೆಂಗಸರಿಗೆ ಹೆಬ್ಬಾಗಿಲ ಪಕ್ಕದ ಕೋಣೆಯವರೆಗೆ ಮಾತ್ರ ಪ್ರವೇಶ. ಹೆಸರು ಹೇಳಿ ಕಳುಹಿಸಿದೆ, ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ನಿನ್ನ ಸಂತ ಹೇಗಿದ್ದಾರೆ ಗೊತ್ತೇ? ಕುಳ್ಳಗೆ, ಬೋಳುತಲೆ, ಬೂಟಿನ ತುಂಬ ಕೆಸರು. ಸೌದೆ ಒಡೆಯುತ್ತಿದ್ದರಂತೆ.

"ಮಿಸೆಸ್ ಮೇಹ್ಯೂ, ನಿಮ್ಮ ವಿಮರ್ಶೆ ಓದಿದೆ," ಎಂದರು. "ಹೊಗಳಿದೋರು ಯಾರೂ ನನ್ನ ಮೇಲೆ ಸಿಟ್ಟು ಮಾಡ್ಕೊಂಡಿಲ್ಲ. ಅಂದ್ರೆ ಅವ್ರಿಗೆ ಏನೂ ತಾಕ್ಲಿಲ್ಲ ಅಂತ. ನಿಮಗೆ ತಾಕಿದೆ."

"ನನಗೆ ತಾಕೋದಕ್ಕೆ ನೀವು ಬರೀಬೇಕಿರಲಿಲ್ಲ ಫಾದರ್. ಹತ್ತು ವರ್ಷದಿಂದ ನಾನೇ ಬರೀತಿದ್ದೀನಿ. ನೀವು ಈಗ ಓದಿದ್ರಿ."

ಹೋಬರ್ಟ್ ಚೀಸಿನ ಪೊಟ್ಟಣ ಹಿಡಿದುಕೊಂಡು ಕಿಟಕಿಯ ಕಡೆ ತಿರುಗಿದ. ಫಾದರ್, "ಹೌದು. ಅದು ನನ್ನ ದಡ್ಡತನ," ಎಂದರು. ಅಷ್ಟೇ. ವಾದ ಮಾಡುತ್ತಾರೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ, ಎಲ್ಲ ವ್ಯರ್ಥವಾಯಿತು.

ಇನ್ನು ನಿನಗೆ ಗೊತ್ತಿಲ್ಲದ ಒಂದು ಸಂಗತಿ. ಯುದ್ಧ, ಶಾಂತಿಯ ಬಗ್ಗೆ ಇನ್ನು ಮುಂದೆ ಒಂದಕ್ಷರವೂ ಅಚ್ಚು ಹಾಕಿಸಕೂಡದೆಂದು ಮಠದ ಮೇಲಿನವರು ಅವರಿಗೆ ಅಪ್ಪಣೆ ಮಾಡಿದ್ದಾರೆ. ಆ ಮಾಸಪತ್ರಿಕೆಯ ಗದ್ದಲವೇ ಕಾರಣವೇ ಎಂದು ಕೇಳಿದೆ. ಅಪ್ಪಣೆ ಅದಕ್ಕೂ ಮೊದಲೇ ಬಂದಿತ್ತು, ನಿಮ್ಮಿಂದಲ್ಲ ಎಂದರು. ನನಗೆ ನೆಮ್ಮದಿಯಾಗಬೇಕಿತ್ತು. ಅವರ ಬಗ್ಗೆ ಕನಿಕರವಾದರೂ ಆಗಬೇಕಿತ್ತು. ಆದದ್ದೇನು ಹೇಳಲಿ? ಮತ್ತೆ ಅದೇ ಹೊಟ್ಟೆಕಿಚ್ಚು. ಈ ಮನುಷ್ಯನ ಮಾತು ನಿಲ್ಲಿಸಲು ದೊಡ್ಡವರೆಲ್ಲ ಕೂತು ಕಾಗದ ಬರೆಯಬೇಕಾಯಿತು. ನನ್ನ ಬಾಯಿ ಮುಚ್ಚಿಸಬೇಕೆಂದು ಇಷ್ಟು ವರ್ಷದಲ್ಲಿ ಯಾರಿಗೂ ಅನಿಸಲೇ ಇಲ್ಲ. ಬರೆದುಕೊಳ್ಳಲಿ ಬಿಡು ಎಂದು ಬಿಟ್ಟಿದ್ದರು. ನಿಷೇಧಕ್ಕೂ ಕರುಬುವ ಹೆಂಗಸು ಭೂಮಿಯ ಮೇಲೆ ನಾನೊಬ್ಬಳೇ ಇರಬೇಕು.

ಈ ವಾರದ ಅಂಕಣದಲ್ಲಿ ಅದನ್ನೇ ಬರೆದಿದ್ದೇನೆ. ಬಿಳಿಯ ಸನ್ಯಾಸಿಯ ಬಾಯಿಗೆ ಬೀಗ ಹಾಕಿದ್ದಾರೆ, ಅವರು ಹೇಳಲಾಗದ್ದನ್ನು ಇನ್ನು ನಾನು ಹೇಳುತ್ತೇನೆ, ಮೊದಲಿನಿಂದಲೂ ಹೇಳುತ್ತಿದ್ದವಳು ನಾನೇ ಎಂದು. ಕ್ಷಮೆ ಕೇಳಿಲ್ಲ. ಗೋಡೆಯೊಳಗಿನ ಧೈರ್ಯ ಅಗ್ಗದ್ದು ಎಂಬ ಮಾತನ್ನು ಮಾತ್ರ ಹಿಂದಕ್ಕೆ ಪಡೆದಿದ್ದೇನೆ. ನಮ್ಮ ಸಂಪಾದಕರ ಕಚೇರಿಗೆ ಆಗಲೇ ಬೆದರಿಕೆಯ ಎರಡು ಫೋನು ಬಂದಿವೆ. ಹೋಬರ್ಟ್‌ಗೆ ಹೆದರಿಕೆ. ನನಗೂ ಹೆದರಿಕೆಯೇ. ಆದರೆ ನಿನಗೆ ಹೇಳಲು ನಾಚಿಕೆಯೇನು, ಸ್ವಲ್ಪ ಹಿಗ್ಗೂ ಆಗಿದೆ.

ವೀನಿ, ನೀನು ಕಾನ್ವೆಂಟ್ ಸೇರಿದಾಗಿನಿಂದ ಪ್ರತಿ ವಾರ ನನ್ನ ಅಂಕಣ ನಿನಗೆ ಅಂಚೆಗೆ ಹಾಕಿದ್ದೇನೆ, ಆ ವಿಮರ್ಶೆಯೊಂದನ್ನು ಬಿಟ್ಟು. ಓದಿದೆ ಎಂದಾಗಲಿ, ಓದಲಿಲ್ಲ ಎಂದಾಗಲಿ ನೀನು ಒಂದು ಸಲವೂ ಬರೆದವಳಲ್ಲ. ಆ ಸನ್ಯಾಸಿಯ ಪುಸ್ತಕ ಕೈಗೆ ಬಿದ್ದೊಡನೆ ಇದನ್ನು ನೀನು ಓದಲೇಬೇಕು ಅಕ್ಕ ಎಂದು ನೀನೇ ನಾಲ್ಕು ಹಾಳೆ ಬರೆದೆ. ನ್ಯೂಯಾರ್ಕಿನವರು ಅವರನ್ನು ಹೊಗಳಿದ್ದು, ಹೋಬರ್ಟ್ ಹೊಗಳಿದ್ದು, ಅದೆಲ್ಲ ನುಂಗಿಕೊಂಡೆ. ನಿನ್ನ ಆ ನಾಲ್ಕು ಹಾಳೆ ಮಾತ್ರ ನುಂಗಲಾಗಲಿಲ್ಲ. ಮನಸ್ಸಾದರೂ ಹೇಗೆ ಬಂತು ಎಂದು ಕೇಳಿದೆಯಲ್ಲ, ಹೀಗೆ ಬಂತು.

ಮುಂದಿನ ಪತ್ರದಲ್ಲಿ ಮೊದಲು ನನ್ನ ಬರಹದ ಬಗ್ಗೆ ಬರಿ. ಬೈದರೂ ಸರಿ. ಮಿಕ್ಕ ಜಾಗದಲ್ಲಿ ಅವರ ಬಗ್ಗೆ ಬರೆದುಕೋ.

ನಿನ್ನವಳೇ ಆದ, ನಿನ್ನ ಮೇಲೆ ಇನ್ನೂ ಸಿಟ್ಟಿರುವ ಅಕ್ಕ,
ವರ್ಡೆಲ್

ತಾ.ಕ.: ನಿನಗೆ ಪ್ರೀತಿಯ ಪುಸ್ತಕವೆಂದು ನೀನು ಕಳುಹಿಸಿದ್ದ ಪ್ರತಿಯನ್ನೇ ಇದರೊಂದಿಗೆ ವಾಪಸು ಕಳುಹಿಸುತ್ತಿದ್ದೇನೆ. ಅಂಚುಗಳಲ್ಲಿ ಪೆನ್ಸಿಲಿನಲ್ಲಿ ಜಗಳವಾಡಿರುವುದು ನಾನು, ಅದನ್ನೂ ಓದು. ಮೊದಲ ಹಾಳೆ ಇಲ್ಲದಿರುವುದನ್ನು ಕಂಡು ಅಂಚೆಯವರನ್ನು ಬೈಯಬೇಡ, ಕತ್ತರಿಸಿದವಳು ನಾನೇ. ಅವತ್ತು ಮಠದಿಂದ ಹೊರಡುವಾಗ ಫಾದರ್ ಆಲ್ಬನ್ ಅದರ ಮೇಲೆ ಎರಡು ಸಾಲು ಬರೆದುಕೊಟ್ಟರು. ಏನೆಂದು ಹೇಳುವುದಿಲ್ಲ. ಅದು ನನಗೆ ಬರೆದದ್ದು.