ಉಣ್ಣೆಯ ಕಾಲುಚೀಲ

ಅಪ್ಪಾ,

ಇವತ್ತು ಮಧ್ಯಾಹ್ನ ಹೊಲಿಗೆ ಯಂತ್ರದ ಪಕ್ಕದಲ್ಲೇ ಚಾಪೆ ಹಾಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಎಚ್ಚರವಾಯಿತು, ಆದರೆ ಮೈ ಏಳಲಿಲ್ಲ. ಯಾರೋ ನನ್ನನ್ನು ಚಾಪೆಗೇ ಸೇರಿಸಿ ಹೊಲಿದುಬಿಟ್ಟ ಹಾಗಿತ್ತು. ಗೋಡೆಗೆ ತೂಗುಹಾಕಿದ್ದ, ಇನ್ನೂ ತೋಳು ಹಚ್ಚದ ಅಂಗಿ ಕಾಣುತ್ತಿತ್ತು. ಕೂಗಲು ನೋಡಿದೆ, ನಾಲಿಗೆ ಹೊರಳಲಿಲ್ಲ. ಬೆನ್ನ ಹಿಂದೆ ನಿನ್ನ ಅಳಿಯ ಮಗಳಿಗೆ ಹೇಳುತ್ತಿದ್ದರು, "ಅಮ್ಮಂಗೆ ಒಳ್ಳೆ ನಿದ್ದೆ ಬಂದಿದೆ, ಎಬ್ಬಿಸ್ಬೇಡ."

ಎಲ್ಲ ಕೇಳಿಸುತ್ತಿತ್ತು ಅಪ್ಪಾ, ಒಂದೊಂದು ಮಾತೂ.

ಹೇಗೋ ಕಾಲಿನ ಹೆಬ್ಬೆರಳು ಮಾತ್ರ ಅಲುಗಿತು. ಮಗಳು ಓಡಿಬಂದು ಅದನ್ನು ಹಿಡಿದು ಜಗ್ಗಿದಳು. ತಟ್ಟನೆ ಮೈ ಬಿಟ್ಟುಕೊಂಡಿತು, ಎದ್ದು ಕೂತೆ.

"ನೀನು ಕರೀತಿದ್ಯಲ್ಲಮ್ಮ, ಅದಕ್ಕೇ ಬಂದೆ" ಎಂದಳು. ಇನ್ನೂ ಹಾಲುಹಲ್ಲು ಬೀಳದ ಹುಡುಗಿ.

ಲಕ್ವ ಹೊಡೆದು ನೀನು ಮಲಗಿದ್ದ ಆ ಕೊನೆಯ ವಾರಗಳಲ್ಲಿ, ನಿನಗೇನೂ ತಿಳಿಯುವುದಿಲ್ಲವೆಂದು ತಮ್ಮನೂ ನಾನೂ ಮಂಚದ ಪಕ್ಕದಲ್ಲೇ ಕೂತು ಏನೇನೋ ಮಾತಾಡುತ್ತಿದ್ದೆವು. ಹೊದಿಕೆಯ ತುದಿಯಲ್ಲಿ ನಿನ್ನ ಹೆಬ್ಬೆರಳು ಒಂದೇ ಸಮ ಅಲುಗುತ್ತಿತ್ತು.

"ಅಪ್ಪಂಗೆ ಚಳಿ ಆಗ್ತಿದೆ ಕಣೋ" ಎಂದೆ. ಉಣ್ಣೆಯ ಕಾಲುಚೀಲ ಹುಡುಕಿ ತಂದು ಬಿಗಿಯಾಗಿ ತೊಡಿಸಿದೆ.

ಆಮೇಲೆ ಬೆರಳು ಅಲುಗುವುದು ಕಾಣಲಿಲ್ಲ. ಬೆಚ್ಚಗಾಯಿತು, ಸದ್ಯ, ನಿದ್ದೆ ಹತ್ತಿತು ಅಂದುಕೊಂಡೆವು.