ಯಾವ ವಿಷಯಕ್ಕೂ ಸೇರದವಳಿಂದ ಆಯ್ಕೆ ಸಮಿತಿಯ ಅಧ್ಯಕ್ಷರಿಗೆ

ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ಇತಿಹಾಸದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ನಾನು ಹಾಕಿದ್ದ ಅರ್ಜಿಯನ್ನು ‘ಅಭ್ಯರ್ಥಿಯ ಪಿಎಚ್.ಡಿ. ಭೂಗೋಳ ವಿಭಾಗದ್ದು’ ಎಂದು ನೀವು ತಳ್ಳಿಹಾಕಿದಿರಿ. ಅದೇ ದಿನ, ಅದೇ ಕುರ್ಚಿಯಲ್ಲಿ ಕುಳಿತು, ಭೂಗೋಳದ ಹುದ್ದೆಗೆ ಹಾಕಿದ್ದ ಅರ್ಜಿಯನ್ನು ‘ಅಭ್ಯರ್ಥಿಯ ಎಂ.ಎ. ಇತಿಹಾಸದ್ದು’ ಎಂದು ತಳ್ಳಿಹಾಕಿದಿರಿ. ಎರಡೂ ಹುದ್ದೆಗಳನ್ನು ‘ಅರ್ಹರು ಲಭ್ಯವಿಲ್ಲ’ ಎಂಬ ಷರಾ ಬರೆದು ಖಾಲಿ ಬಿಟ್ಟಿರಿ. ಇಷ್ಟಾಗಿದ್ದರೆ ನನ್ನ ಹಣೆಬರಹ ಅಂದುಕೊಂಡು ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಕಳೆದ ವಾರ ನಿಮ್ಮದೇ ಕಚೇರಿಯಿಂದ ಫೋನು ಬಂತು.

“ಹಿಸ್ಟರಿಗೆ ಯಾರೂ ಸಿಗ್ತಿಲ್ಲ ಮೇಡಂ. ಗೆಸ್ಟ್ ಆಗಿ ನೀವೇ ನೋಡ್ಕೊಂಡ್ಬುಡಿ. ಜಾಗ್ರಫಿ ಕ್ಲಾಸೂ ಒಂದಷ್ಟು ಉಳ್ಕೊಂಡಿದಾವೆ, ಅದೂ ನಿಮ್ಗೇ ಆಯ್ತದಲ್ಲ” ಎಂದರು ಆ ಪುಣ್ಯಾತ್ಮರು, ಬಹಳ ವಿನಯದಿಂದಲೇ.

“ನಾನು ಎರಡಕ್ಕೂ ಅರ್ಹಳಲ್ಲ ಅಂತ ನಿಮ್ಮ ಸಾಹೇಬರೇ ಬರೆದಿದ್ದಾರಲ್ಲ ಸರ್” ಎಂದೆ.

“ಅಯ್ಯೋ, ಅದು ಪರ್ಮನೆಂಟಿಗೆ ಕಣ್ರೀ ಮೇಡಂ. ಇದು ಗೆಸ್ಟು.”

ಅವರ ಮೇಲೆ ನನಗೆ ಸಿಟ್ಟಿಲ್ಲ. ನಿಮ್ಮ ಇಡೀ ನೇಮಕಾತಿ ನೀತಿಯನ್ನು ಅವರು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು. ನನ್ನ ಅರ್ಹತೆ ನನ್ನ ಓದಿನಲ್ಲಿಲ್ಲ, ನೀವು ಕೊಡುವ ಕುರ್ಚಿಯಲ್ಲಿದೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರೆ ನಾನು ಇತಿಹಾಸವನ್ನೂ ಬಲ್ಲೆ, ಭೂಗೋಳವನ್ನೂ ಬಲ್ಲೆ. ಮೆತ್ತೆ ಹಾಕಿದ ಕುರ್ಚಿಯ ಹತ್ತಿರ ಬಂದ ತಕ್ಷಣ ಎರಡನ್ನೂ ಮರೆತುಬಿಡುತ್ತೇನೆ. ಇಂಥ ವಿಚಿತ್ರ ಮರೆವಿನ ರೋಗಿಯ ಕೈಗೆ ಮಕ್ಕಳನ್ನು ಒಪ್ಪಿಸಲು ನಿಮಗೆ ಧೈರ್ಯವಾದರೂ ಹೇಗೆ ಬಂತು?

ನಾನು ಯಾರೆಂದು ಈ ಪತ್ರಿಕೆಯ ಓದುಗರಿಗೆ ಹೇಳಿಬಿಡುತ್ತೇನೆ, ಏಕೆಂದರೆ ನಿಮಗೆ ಹೇಳಿ ಪ್ರಯೋಜನವಾಗಲಿಲ್ಲ. ನನ್ನ ಹೆಸರು ನಯನಾ. ಮೈಸೂರಿನ ಬೋಗಾದಿಯಲ್ಲಿ ಅವ್ವನ ಜೊತೆ ಬಾಡಿಗೆ ಮನೆಯಲ್ಲಿದ್ದೇನೆ. ನಮ್ಮ ಬೀದಿಯಲ್ಲಿ ಮಳೆ ಬಂದಾಗಲೆಲ್ಲ ನೀರು ಒಂದೇ ಕಡೆಗೆ ನುಗ್ಗಿ, ಒಂದೇ ಸಾಲಿನ ಮನೆಗಳ ಹೊಸ್ತಿಲು ದಾಟುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಯಾಕೆ ಆ ಸಾಲಿಗೇ ಅಂತ ಕೇಳುತ್ತಾ ಹೋದೆ. ಮೊದಲು ಅಲ್ಲಿ ಗದ್ದೆಯಿತ್ತು, ಗದ್ದೆಗೆ ಕಾಲುವೆಯಿತ್ತು, ಕಾಲುವೆಯ ಮೇಲೆ ಸೈಟು ಬಂತು, ಆ ಅಗ್ಗದ ಸೈಟು ಕೊಂಡವರು ಯಾರು, ಬೇರೆ ಕಡೆ ಅವರಿಗೆ ಯಾಕೆ ಮನೆ ಸಿಗಲಿಲ್ಲ ಎಂಬಲ್ಲಿಗೆ ಪ್ರಶ್ನೆ ಬಂದು ನಿಂತಿತು. ಅದು ಇತಿಹಾಸವೋ, ಭೂಗೋಳವೋ, ಸಮಾಜಶಾಸ್ತ್ರವೋ ನೀರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದೆ, ಅದರಲ್ಲೇ ಅರ್ಹತಾ ಪರೀಕ್ಷೆಯನ್ನೂ ಪಾಸು ಮಾಡಿದ್ದೆ. ಭೂಗೋಳ ವಿಭಾಗದವರು ಬಾಗಿಲು ತೆರೆದು ಪಿಎಚ್.ಡಿ.ಗೆ ಕರೆದುಕೊಂಡರು. ಅನುಮತಿ ಕೊಟ್ಟಿದ್ದು ನಿಮ್ಮ ವಿಶ್ವವಿದ್ಯಾನಿಲಯವೇ. ಒಳಗೆ ಬಿಡುವಾಗ ಇಲ್ಲದ ಅಡ್ಡಿ ಹೊರಗೆ ಬಂದ ಮೇಲೆ ಎಲ್ಲಿಂದ ಹುಟ್ಟಿತು ಎಂಬುದಷ್ಟೇ ನನ್ನ ಪ್ರಶ್ನೆ.

ನಿಮಗೆ ನೆನಪಿದೆಯೋ ಇಲ್ಲವೋ, ನಿಮ್ಮನ್ನು ನಾನು ಮೊದಲು ಕಂಡಿದ್ದು ಸಂದರ್ಶನದಲ್ಲಲ್ಲ. ಅಂತರ್‌ಶಿಸ್ತೀಯ ಅಧ್ಯಯನದ ಬಗ್ಗೆ ಒಂದು ವಿಚಾರ ಸಂಕಿರಣವಿತ್ತು. ಅದನ್ನು ಉದ್ಘಾಟಿಸಿದವರು ನೀವು. ನಿರೂಪಣೆ ನನ್ನದು, ಏಕೆಂದರೆ ಕಾರ್ಯಕ್ರಮ ನಿರೂಪಣೆ, ಪ್ರಾರ್ಥನೆ ಹಾಡುವವರನ್ನು ಹುಡುಕಿ ತರುವುದು ಮತ್ತು ಹಾರದ ತಟ್ಟೆ ಹಿಡಿದು ನಿಲ್ಲುವುದು ಅತಿಥಿ ಉಪನ್ಯಾಸಕರಿಗೆ ಮೀಸಲಾದ ಶಾಸ್ತ್ರಗಳು. ಶಾಲು ಹೊದ್ದುಕೊಂಡು ನೀವು ಹೇಳಿದಿರಿ: “ಒಂದು ವಿಷಯದ ಕೋಣೆಯೊಳಗೆ ಬಾಗಿಲು ಹಾಕಿಕೊಂಡು ಕೂರುವ ಕಾಲ ಮುಗಿಯಿತು. ಗೋಡೆ ಒಡೆದು ಬರುವ ಯುವ ವಿದ್ವಾಂಸರಿಗಾಗಿ ನಾವು ಕಾಯುತ್ತಿದ್ದೇವೆ.” ಸಭೆ ಚಪ್ಪಾಳೆ ತಟ್ಟಿತು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ನಾನು. ಗೋಡೆ ಒಡೆದುಕೊಂಡು ಬಂದಾಗ ಪೊಲೀಸರಿಗೆ ಹಿಡಿದುಕೊಡುತ್ತೀರಿ ಎಂದು ಅವತ್ತು ಹೇಳಲೇ ಇಲ್ಲ.

ನಾನೊಬ್ಬಳೇ ಆಗಿದ್ದರೆ ಇದನ್ನು ಪತ್ರಿಕೆಯವರೆಗೆ ತರುತ್ತಿರಲಿಲ್ಲ. ಸಂದರ್ಶನದ ದಿನ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದವರು ಬೇರೆ ವಿಭಾಗದ ಸಂದರ್ಶನಕ್ಕೆ ಬಂದಿದ್ದ ಯೋಗೇಂದ್ರ. ವೀಣೆಯ ನಾದದ ಮೇಲೆ ಭೌತಶಾಸ್ತ್ರದಲ್ಲಿ ಸಂಶೋಧನೆ ಮಾಡಿದವರು. ಭೌತಶಾಸ್ತ್ರದವರು ಅವರಿಗೆ “ನಿಮ್ಮದು ಮ್ಯೂಸಿಕ್ ಅಲ್ವೇನ್ರೀ” ಅನ್ನುತ್ತಾರೆ. ಸಂಗೀತದವರು “ಎಲ್ಲಿ, ಒಂದು ವರ್ಣ ನುಡಿಸಿ ನೋಡೋಣ” ಅನ್ನುತ್ತಾರೆ. ಈಗ ಅವರು ಒಂದು ಕೋಚಿಂಗ್ ಸೆಂಟರಿನಲ್ಲಿ ಪ್ರವೇಶ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡುತ್ತಿದ್ದಾರೆ. “ಅಲ್ಲಿ ಒಂದು ಅನುಕೂಲ ನೋಡಿ ಮೇಡಂ, ನಾಲ್ಕರಲ್ಲಿ ಒಂದು ಉತ್ತರ ಸರಿ ಇದ್ದೇ ಇರ್ತದೆ. ಇಲ್ಲಿ ನಾವು ಯಾವ ಆಪ್ಷನ್ನಲ್ಲೂ ಇಲ್ಲ” ಎಂದು ನಕ್ಕರು. ಆ ನಗುವಿಗೆ ಜೊತೆಯಾಗಿ ನಗಲು ನನ್ನಿಂದ ಆಗಲಿಲ್ಲ.

ಆಮೇಲೆ ನನ್ನನ್ನು ಒಳಗೆ ಕರೆದರು. ಅಲ್ಲಿ ನಡೆದದ್ದನ್ನು ನೀವು ಬರೆದ ಷರಾದಲ್ಲಿ ನಮೂದಿಸಿಲ್ಲವಾದ್ದರಿಂದ ನಾನೇ ಬರೆಯುತ್ತೇನೆ.

ಅಭ್ಯರ್ಥಿಗಳು ಕಡಿಮೆಯೆಂದು ಇತಿಹಾಸದ ತಜ್ಞರನ್ನೂ ಭೂಗೋಳದ ತಜ್ಞರನ್ನೂ ಒಟ್ಟಿಗೆ ಕೂರಿಸಿಕೊಂಡಿದ್ದಿರಿ. ಮಧ್ಯದಲ್ಲಿ ನೀವು. ಮುಂದೆ ಗೋಡಂಬಿ, ಬಿಸ್ಕತ್ತು. ‘ಇಲ್ಲೊಂದು ಬೋರ್ಡಿದೆ, ನಾವೇ ವಿದ್ಯಾರ್ಥಿಗಳು ಅಂದುಕೊಂಡು ಪಾಠ ಮಾಡಿ’ ಎಂದಿರಿ. ಎಲ್ಲ ಸಂದರ್ಶನದಲ್ಲೂ ಹೀಗೇ ಹೇಳುತ್ತಾರೆ, ಹಾಗೆ ಅಂದುಕೊಳ್ಳಬಾರದೆಂದು ಎಲ್ಲ ಅಭ್ಯರ್ಥಿಗಳಿಗೂ ಗೊತ್ತಿರುತ್ತದೆ. ವಿನಯವಾಗಿ, ಬೋರ್ಡಿಗೆ ಮುಖ ಮಾಡಿ, ಯಾರನ್ನೂ ಏನನ್ನೂ ಕೇಳದೆ, ತಾವೆಲ್ಲ ಬಲ್ಲಿರಿ ಎಂಬ ಧಾಟಿಯಲ್ಲಿ ಮಾತಾಡಿ ಬರಬೇಕು. ನಾನೂ ಹಾಗೇ ತಯಾರಾಗಿ ಬಂದಿದ್ದೆ. ಆದರೆ ಚಾಕ್‌ಪೀಸು ಕೈಗೆ ಬಂದದ್ದೇ ತಡ, ನಾನು ಅತಿಥಿಯಾಗಿ ಪಾಠ ಮಾಡುವ ಉದಯಗಿರಿಯ ಕಾಲೇಜಿನ ಕ್ಲಾಸು ಕಣ್ಣ ಮುಂದೆ ಬಂತು. ಅಲ್ಲಿ ಪ್ರತಿವರ್ಷ ಮೊದಲ ದಿನ ಕೇಳುವ ಪ್ರಶ್ನೆಯನ್ನೇ ಕೇಳಿಬಿಟ್ಟೆ: “ನಿಮ್ಮ ಮನೆ ಮುಂದೆ ಬಿದ್ದ ಮಳೆ ನೀರು ಎಲ್ಲಿಗೆ ಹೋಗುತ್ತೆ?”

ಯಾರೂ ಮಾತಾಡದಿದ್ದರೆ ನಾನು ಕ್ಲಾಸಿನಲ್ಲಿ ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಮಧ್ಯದಲ್ಲಿ ಕೂತು ಬಿಸ್ಕತ್ತು ತಿನ್ನುತ್ತಿದ್ದವರ ಕಡೆ ಕೈ ತೋರಿಸಿ, “ನೀವು ಹೇಳಿ. ಎದ್ದು ನಿಂತು ಹೇಳಿ” ಎಂದೆ.

ಹೇಳಿದ ಮರುಕ್ಷಣ ಕ್ಷಮೆ ಕೇಳಲು ಬಾಯಿ ತೆರೆದೆ. ಆದರೆ ಅಧ್ಯಕ್ಷರೇ, ನೀವು ಎದ್ದು ನಿಂತಿರಿ. ಬಿಸ್ಕತ್ತನ್ನು ತಟ್ಟೆಗಿಟ್ಟು, ಕೋಟಿನ ಗುಂಡಿ ಸರಿಮಾಡಿಕೊಂಡು, ನೆಟ್ಟಗೆ ನಿಂತಿರಿ. ಎಷ್ಟು ವರ್ಷ ಪ್ರೊಫೆಸರಾಗಿದ್ದರೂ ನಿಮ್ಮೊಳಗೆ ಇನ್ನೂ ಇದ್ದ ಹುಡುಗನೊಬ್ಬ ಮೇಡಂ ಕರೆದರೆಂದು ಎದ್ದುಬಿಟ್ಟ. ಆ ಗಳಿಗೆಯಲ್ಲಿ ನಿಮ್ಮನ್ನು ಕಂಡು ನನಗೆ ನಿಜಕ್ಕೂ ಪ್ರೀತಿ ಬಂತು, ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ.

“ಮುಂದಿನ ಚರಂಡಿಗೆ ಹೋಗುತ್ತೆ” ಎಂದಿರಿ.

“ಚರಂಡಿಯಿಂದ?”

ನೀವು ಫ್ಯಾನು ನೋಡಿದಿರಿ. ಪಕ್ಕದವರ ಮುಖ ನೋಡಿದಿರಿ. ಜಯಲಕ್ಷ್ಮೀಪುರಂನಲ್ಲಿ ಮೂವತ್ತು ವರ್ಷದಿಂದ ಮನೆ ಮಾಡಿಕೊಂಡಿರುವುದಾಗಿ ಹೇಳಿದಿರಿ, ಅದು ಉತ್ತರವಾಗಿರಲಿಲ್ಲ. ಆಗ ಇತಿಹಾಸದ ತಜ್ಞರು ಗಂಟಲು ಸರಿಮಾಡಿಕೊಂಡು, “ಇದು ಭೂಗೋಳದ ಪ್ರಶ್ನೆ ಅಲ್ವೇನಮ್ಮ” ಎಂದರು. ಭೂಗೋಳದ ತಜ್ಞರು, “ಇಲ್ಲಪ್ಪ, ಹಳೇ ಕಾಲುವೆ ವಿಚಾರ, ಇದು ನಿಮ್ಮದೇ” ಎಂದರು. ಉತ್ತರ ಇಬ್ಬರಿಗೂ ತಿಳಿದಿರಲಿಲ್ಲ. ಪ್ರಶ್ನೆ ತಮ್ಮದಲ್ಲ ಎಂಬುದು ಮಾತ್ರ ಇಬ್ಬರಿಗೂ ಖಚಿತವಾಗಿ ತಿಳಿದಿತ್ತು. ಆ ಗಲಾಟೆಯ ನಡುವೆ, ತಾವು ಯಾರೆಂಬುದು ನಿಮಗೆ ನೆನಪಾಯಿತು. ಸಣ್ಣಗೆ ನಕ್ಕು, ನಿಮ್ಮಷ್ಟಕ್ಕೆ ನೀವೇ ಕುಳಿತು, “ಸಾಕು, ಹೋಗಿ” ಎಂದಿರಿ.

ಅದೇ ಪ್ರಶ್ನೆಗೆ ಉದಯಗಿರಿಯಲ್ಲಿ ಏನಾಗುತ್ತದೆ ಗೊತ್ತೇ? ಮೊದಲು ಪಿಸುಪಿಸು, ಆಮೇಲೆ ಜಗಳ. “ಮಿಸ್, ನಮ್ಮ ಬೀದಿ ನೀರು ಇವ್ರ ಮನೇಗೇ ನುಗ್ಗೋದು” ಎಂದು ಪ್ರೀತಿ ಎಂಬ ಹುಡುಗಿ ಪಕ್ಕದವಳನ್ನು ತೋರಿಸುತ್ತಾಳೆ. ಮುಂದಿನ ವಾರ ಇಬ್ಬರೂ ಸೇರಿ ಬೀದಿಯ ನಕ್ಷೆ ಬರೆದು ತರುತ್ತಾರೆ, ಅಜ್ಜಿಯನ್ನು ಕೇಳಿ ಹಳೆಯ ಬಾವಿಯ ಜಾಗ ಗುರುತಿಸುತ್ತಾರೆ. ಅವರ್ಯಾರೂ ಈವರೆಗೆ ನನ್ನನ್ನು ‘ಮಿಸ್, ನೀವು ಯಾವ ಸಬ್ಜೆಕ್ಟು’ ಎಂದು ಕೇಳಿಲ್ಲ. ಬೆಳಿಗ್ಗೆ ಒಂದು ಕಾಲೇಜಿನಲ್ಲಿ ಇತಿಹಾಸ, ಮಧ್ಯಾಹ್ನ ಉದಯಗಿರಿಯಲ್ಲಿ ಭೂಗೋಳ, ಯಾರಾದರೂ ರಜೆ ಹಾಕಿದರೆ ಪರಿಸರ ಅಧ್ಯಯನ. ಪ್ರಾಂಶುಪಾಲರಾದ ಚನ್ನಬಸವಯ್ಯನವರು ಒಮ್ಮೆ ರಾಜ್ಯಶಾಸ್ತ್ರದ ಕ್ಲಾಸಿಗೂ ಕಳಿಸಿ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ, ನಿಮ್ಗೆ ಎಲ್ಲಾ ಬರ್ತದೆ” ಎಂದಿದ್ದರು. ದುಡಿಸಿಕೊಳ್ಳುವಾಗ ನನಗೆ ಎಲ್ಲವೂ ಬರುತ್ತದೆ. ಕೆಲಸ ಕೇಳಿದಾಗ ಏನೂ ಬರುವುದಿಲ್ಲ. ಇದನ್ನು ಯಾವ ವಿಷಯದಡಿ ಅಧ್ಯಯನ ಮಾಡಬೇಕು, ತಜ್ಞರನ್ನು ಕೇಳಿ ತಿಳಿಸಿ.

ಈಗ ನನ್ನ ಅವ್ವ ತಿಮ್ಮಮ್ಮನ ಮಾತಿಗೆ ಬರುತ್ತೇನೆ. ನನಗೆ ಸಂದರ್ಶನವಿದ್ದ ದಿನವೆಲ್ಲ ಅವಳು ಒತ್ತು ಶಾವಿಗೆ ಮಾಡಿ, ಕಾಯಿಹಾಲು ಕಾಯಿಸಿಟ್ಟು ಕಾಯುತ್ತಾಳೆ. ಬರಬರುತ್ತಾ ಏನಾಗಿದೆ ಎಂದರೆ, ನಮ್ಮ ಮನೆಯಿಂದ ಏಲಕ್ಕಿ ವಾಸನೆ ಬಂದರೆ ಸಾಕು, ಅಕ್ಕಪಕ್ಕದವರಿಗೆ ನಯನಾಳಿಗೆ ಇವತ್ತು ಇಂಟರ್ವ್ಯೂ ಎಂದು ತಿಳಿದುಬಿಡುತ್ತದೆ. ಸಂಜೆ ಯಾರೂ ಏನೂ ಕೇಳುವುದಿಲ್ಲ, ಅದು ಕೇಳುವುದಕ್ಕಿಂತ ಕಷ್ಟ. ಅವತ್ತೂ ಬಂದೆ.

“ಎಂಗಾಯ್ತವ್ವ?”

“ನಾನು ಯಾವ ಸಬ್ಜೆಕ್ಟು ಅಂತ ಗೊತ್ತಾಗ್ಲಿಲ್ಲವಂತೆ ಅವ್ವ.”

“ಅಂಗಂದ್ರೆ? ಅಷ್ಟು ವರ್ಸ ಓದುದ್ದೆಲ್ಲ ಏನಾಯ್ತು ಮತ್ತೆ?”

ಬಡಿಸಿದ್ದನ್ನು ತಿಂದೆ. ಶಾವಿಗೆ ಎಂದರೆ ಪ್ರಾಣ ಬಿಡುತ್ತಿದ್ದವಳು ನಾನು, ಈಗ ಅದನ್ನು ಒತ್ತುವ ಒರಳು ಕಂಡರೆ ಮುಖ ತಿರುಗಿಸುತ್ತೇನೆ. ನೀವು ನನ್ನಿಂದ ಕಿತ್ತುಕೊಂಡವುಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿಕೊಳ್ಳಿ.

ಮುಂದಿನ ಸಲ ನೀವು ಅರ್ಜಿ ಕರೆಯುವ ಹೊತ್ತಿಗೆ ನನ್ನ ವಯೋಮಿತಿ ದಾಟಿರುತ್ತದೆ. ಅಂದರೆ ನನಗೆ ಉಳಿದಿರುವುದು ಈ ಎರಡು ಖಾಲಿ ಹುದ್ದೆ ಮಾತ್ರ. ನಿಮ್ಮ ಕಚೇರಿಯ ಫೋನಿನ ವಿಷಯ ಹೇಳಿದಾಗ ಅವ್ವ, “ಒಪ್ಕೊಬುಡವ್ವ. ದೊಡ್ಡೋರ್ನ ಎದ್ರಾಕ್ಕೊಂಡು ಇರಾದ್ನೂ ಕಳ್ಕೋಬ್ಯಾಡ ಕಣವ್ವ” ಎಂದಳು. ಅವಳ ಭಯ ಸುಳ್ಳಲ್ಲ. ಈ ಪತ್ರ ಅಚ್ಚಾದ ಮೇಲೆ ಯಾವ ಕಾಲೇಜಿನವರೂ ನನ್ನನ್ನು ಅತಿಥಿಯಾಗಿಯೂ ಕರೆಯದೇ ಹೋಗಬಹುದು. ನನಗೂ ಭಯವಿದೆ. ಆದರೂ ಬರೆಯುತ್ತಿದ್ದೇನೆ. ಅನರ್ಹಳೆಂದು ಬರೆದವರ ಕೈಯಿಂದಲೇ ಅದೇ ಕೆಲಸವನ್ನು ಭಿಕ್ಷೆಯಂತೆ ಪಡೆದರೆ, ನಾಳೆ ಪ್ರೀತಿಯನ್ನು ‘ಎದ್ದು ನಿಂತು ಹೇಳು’ ಎಂದು ಕೇಳಲು ನನಗೆ ಮುಖವಿರುವುದಿಲ್ಲ.

ಆದ್ದರಿಂದ ನಿಮ್ಮ ಅತಿಥಿ ಉಪನ್ಯಾಸಕ ಹುದ್ದೆಗೆ ನಾನು ಒಪ್ಪಿಗೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಬದಲಿಗೆ ನನ್ನ ಬೇಡಿಕೆ ಇದು. ಬೇಡಿಕೆ ಎಂದೇ ಬರೆದಿದ್ದೇನೆ, ವಿನಂತಿ ಎಂದು ತಿದ್ದಿಕೊಳ್ಳಬೇಡಿ. ನಾನು ಯಾವ ವಿಷಯದವಳು ಎಂಬುದನ್ನು ನಿಮ್ಮ ಇಬ್ಬರು ತಜ್ಞರೂ ಒಂದೇ ಹಾಳೆಯಲ್ಲಿ, ಒಟ್ಟಿಗೆ ಸಹಿ ಹಾಕಿ, ತಿಳಿಸಬೇಕು. ಅದು ಸಾಧ್ಯವಾಗದಿದ್ದರೆ, ಆಗುವುದಿಲ್ಲವೆಂದು ನನಗೆ ಗೊತ್ತು, ಆ ಎರಡು ಹುದ್ದೆಗಳ ಸಂದರ್ಶನವನ್ನು ಈ ವರ್ಷವೇ ಮತ್ತೆ ನಡೆಸಬೇಕು. ಯೋಗೇಂದ್ರರಂಥವರನ್ನು ತಳ್ಳಿಹಾಕಿದ ವಿಭಾಗಗಳಲ್ಲೂ ಹೀಗೇ ಆಗಬೇಕು. ಗೋಡಂಬಿ ತಟ್ಟೆ ಎತ್ತಿಸಿ, ಬೆಂಚುಗಳಲ್ಲಿ ನಿಜವಾದ ವಿದ್ಯಾರ್ಥಿಗಳನ್ನು ಕೂರಿಸಿ, ಬಾಗಿಲು ತೆರೆದಿಟ್ಟು ಪಾಠ ಮಾಡಿಸಿ. ಪಾಠ ಕೇಳಿದವರಿಗೆ ಇವಳಿಗೆ ಕಲಿಸಲು ಬರುವುದಿಲ್ಲ ಅನ್ನಿಸಿದರೆ, ಅವತ್ತೇ ನನ್ನ ಚೀಲ ಎತ್ತಿಕೊಂಡು ಹೋಗುತ್ತೇನೆ, ಇನ್ನೊಂದು ಪತ್ರ ಬರೆಯುವುದಿಲ್ಲ.

ಕೊನೆಯದಾಗಿ, ತರಗತಿಯ ಒಂದು ಪದ್ಧತಿಯನ್ನು ನೆನಪಿಸುತ್ತೇನೆ, ನೀವೂ ಮೇಷ್ಟ್ರಾಗಿದ್ದವರು. ಉತ್ತರ ಹೇಳಲು ಎದ್ದು ನಿಂತವರು ಪಾಠ ಮಾಡುವವರು ಹೇಳುವ ತನಕ ಕೂರುವಂತಿಲ್ಲ. ಅವತ್ತು ನೀವಾಗಿಯೇ ಕುಳಿತುಬಿಟ್ಟಿರಿ. ಚರಂಡಿಯಿಂದ ಮುಂದೆ ನೀರು ಎಲ್ಲಿಗೆ ಹೋಗುತ್ತದೆಂದು ನೀವಿನ್ನೂ ಹೇಳಿಲ್ಲ. ನಾನಿನ್ನೂ ಕೂರಿ ಎಂದಿಲ್ಲ.

ಇಂತಿ,
ಮೆತ್ತನೆಯ ಕುರ್ಚಿಗೆ ಅನರ್ಹಳೂ ಪ್ಲಾಸ್ಟಿಕ್ ಕುರ್ಚಿಗೆ ಸರ್ವಜ್ಞಳೂ ಆದ,
ನಯನಾ
ಬೋಗಾದಿ, ನೀರು ನುಗ್ಗುವ ಸಾಲು, ಮೈಸೂರು